ಕುಷ್ಟಗಿಯ ಹಲ್ಲಿನ ಅಕ್ಕಾರು

ಅವರು ಮಾತನಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕುಷ್ಟಗಿಯಲ್ಲಿ ನಾವು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲಿ ಇದು ನನಗೆ ತಿಳಿಯಲಿಲ್ಲ. ಪಾಪ, ಕಿವಿ ಮಂದ ಇರಬೇಕು ಎಂದುಕೊಂಡು, ಹಾಲಿನವನು ಬಂದನೇ ಎಂದು ಕೇಳುವುದಕ್ಕೂ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಅವರು ಬಹಳ ದಿನ ಸಹಿಸಿಕೊಂಡರು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಾಗ ಮೆಲ್ಲಗೆ ಹೇಳಿದರು:

“ತಂಗಿ, ನನಗ ಕಿವಿ ಛಲೋ ಕೇಳಸ್ತಾವ. ನಾ ಬರೇ ಹಲ್ಲು ನೋಡಾಕತ್ತಿರ್ತೀನಿ. ನಿಮ್ಮ ಎಡಗಡೆ ಕೆಳಗಿನ ದವಡಿ ಹಲ್ಲು ಒಮ್ಮೆ ತೋರಸ್ರಿ. ನೀವು ನಕ್ಕಾಗೆಲ್ಲಾ ಅದು ನನ್ನ ಕರೀತೈತಿ.”

ಅವರು ತಾಲ್ಲೂಕು ಆಸ್ಪತ್ರೆಯ ದಂತವೈದ್ಯೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ನನ್ನ ಗಂಡ ಬಸ್ ಕಂಡಕ್ಟರ್. ಒಂದೇ ಗೋಡೆಯ ಎರಡು ಮನೆ, ಎರಡಕ್ಕೂ ಸೇರಿ ಮುಂದೆ ಒಂದು ಕಲ್ಲಿನ ಕಟ್ಟೆ, ಹಿಂದೆ ಒಂದು ನಳ. ಓಣಿಯವರು ಅವರನ್ನು ಹಲ್ಲಿನ ಡಾಕ್ಟರಮ್ಮ ಎನ್ನುತ್ತಿದ್ದರು. ನಾನು ಅಕ್ಕಾರು ಎನ್ನುತ್ತಿದ್ದೆ. ಈ ಬೇಸಿಗೆಯಲ್ಲಿ ಅವರು ಕನಕಗಿರಿಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಅಂದಿನಿಂದ ಯಾರೇ ಬಾಯಿ ತುಂಬ ನಕ್ಕರೂ ನನಗೆ ಅವರು ಬೇಕೆನಿಸುತ್ತಾರೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಾಠ ಮಾಡುವಾಗ ಮಕ್ಕಳ ನಡುವೆ ಹೀಗಾಗುತ್ತದೆ. ಅವರ ಹೆಸರು ಬರೆಯುವುದಿಲ್ಲ. ಬಾಗಿಲಿಗೆ ಹೆಸರಿನ ಹಲಗೆ ಹಾಕಿಸಿರಿ ಎಂದು ಓಣಿಯವರು ಹೇಳಿದಾಗ, “ಹಲ್ಲು ನೋಯೋರಿಗೆ ಹಲಗಿ ಬೇಕಾಗಂಗಿಲ್ಲ, ಕೇಳಕೋತ ಬರ್ತಾರ” ಎಂದು ಸುಮ್ಮನಾದವರು ಅವರು.

ಅವರ ಹಲ್ಲುಗಳನ್ನು ಮೊದಲ ಸಲ ನೋಡಿದವರು ತಬ್ಬಿಬ್ಬಾಗುತ್ತಿದ್ದರು. ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಪಟ್ಟೆಗಳಿದ್ದವು, ರೊಟ್ಟಿ ಹೆಂಚಿನ ಮೇಲೆ ಒಂದು ಗಳಿಗೆ ಹೆಚ್ಚು ಕುಳಿತಾಗ ಬರುವ ಕಲೆಗಳ ಹಾಗೆ. ಅವರು ತಳಕಲ್ ಕಡೆಯ ಹಳ್ಳಿಯವರು, ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದವರು. ಅದರ ಮೇಲೆ ಬಿಳಿ ಲೇಪ ಹಚ್ಚಿಸಿಕೊಳ್ಳಲು ಬರುತ್ತದೆ; ಮದುವೆ ಗೊತ್ತಾದ ಹುಡುಗಿಯರಿಗೆ, ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗರಿಗೆ ಅವರೇ ಹಚ್ಚಿ ಕಳಿಸುತ್ತಿದ್ದರು. ತಮಗೆ ಮಾತ್ರ ಹಚ್ಚಿಸಿಕೊಳ್ಳಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದೆ. “ನಂಗ ಬ್ಯಾಸರಾಗಿಲ್ಲಲ್ಲ ಇವನ್ನ ನೋಡಿ” ಎಂದರು, ಅಷ್ಟೇ.

ಒಮ್ಮೆ ಅವರು ನಮ್ಮ ಶಾಲೆಗೆ ಹಲ್ಲಿನ ತಪಾಸಣೆಗೆ ಬಂದಿದ್ದರು. ಮಗಳನ್ನು ಬಿಡಲು ಬಂದಿದ್ದ ತಾಯಿಯೊಬ್ಬಳು ಬಾಗಿಲಲ್ಲಿ ನಿಂತು ಇನ್ನೊಬ್ಬಳಿಗೆ, “ಡಾಕ್ಟರ್ ಹಲ್ಲ ಹಿಂಗ ಅದಾವ, ಇವ್ರು ನಮ್ಮ ಹುಡುಗೂರಿಗೆ ಏನ್ ಹೇಳ್ತಾರ” ಎಂದಳು. ಮೆಲ್ಲಗೇ ಹೇಳಿದ್ದಳು, ಆದರೆ ಅಕ್ಕಾರಿಗೆ ಕೇಳಿಸಿತು. ಅವರು ಆಕೆಯನ್ನು ಹತ್ತಿರ ಕರೆದರು. ಆಕೆ ಹೆದರಿಕೊಂಡೇ ಬಂದಳು.

“ಇದು ತಿಕ್ಕಲಾರದ್ದಕ್ಕ ಬಂದ ಕಲಿ ಅಲ್ಲ ಯವ್ವಾ. ಹಾಲಹಲ್ಲು ಇರೂ ಹೊತ್ತಿನ್ಯಾಗ ಒಳಗ ಗಟ್ಟಿಹಲ್ಲು ತಯಾರಾಗತಿರ್ತಾವ. ಆವಾಗ ಕುಡದ ನೀರು ಹಿಂಗ ಗುರುತು ಬಿಡತೈತಿ. ನಿನ್ನ ಮಗಳಿಗೂ ಅದ ಆಗೈತಿ. ಮನ್ಯಾಗ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಸ್ತೀಯೇನು?”

“ಹೌದ್ರಿ. ದಿನಾ ತಿಕ್ಕಸ್ತೀನ್ರಿ. ಒಮ್ಮೊಮ್ಮೆ ಬೂದಿನೂ ಹಚ್ಚೀನ್ರಿ.”

“ಇನ್ನ ಬಿಡು. ಕಲಿ ಹೋಗಂಗಿಲ್ಲ, ಹಲ್ಲ ಸವದು ಹೋಗತಾವ. ಸಣ್ಣಾಕಿ ಇನ್ನೊಬ್ಬಾಕಿ ಅದಾಳಲ್ಲ ಮನ್ಯಾಗ, ಆಕಿಗೆ ಬೋರಿನ ನೀರ ಕುಡಸಬ್ಯಾಡ. ಶುದ್ಧ ನೀರಿನ ಘಟಕದಿಂದ ತಂದು ಕುಡಸು. ಈಕಿದಾಗಿ ಹೋತು, ಆಕಿದು ಉಳೀತೈತಿ.”

ಆ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ಮೂರು ವರ್ಷ ನನ್ನ ಕ್ಲಾಸಿನಲ್ಲಿದ್ದರೂ ಅವಳು ಎದ್ದು ನಿಂತು ಪದ್ಯ ಓದಿದ್ದಿಲ್ಲ. ವೇಲಿನ ತುದಿಯನ್ನು ಬಾಯಿಗೆ ಹಿಡಿದುಕೊಂಡೇ ಮಾತನಾಡುತ್ತಿದ್ದಳು. ಅಕ್ಕಾರು ಒಂದು ಕೈಗನ್ನಡಿ ತೆಗೆದು, ತಮ್ಮ ಕೆನ್ನೆಯನ್ನು ಅವಳ ಕೆನ್ನೆಗೆ ತಾಗಿಸಿ, “ನಗು ನೋಡೂಣು, ಇಬ್ಬರೂ ನಗೂಣು” ಎಂದರು. ಕನ್ನಡಿಯಲ್ಲಿ ಇಬ್ಬರ ಹಲ್ಲುಗಳೂ ಒಂದೇ ತರಹ ಕಂಡವು. ಹುಡುಗಿ ಮೊದಲು ಕಣ್ಣು ಮುಚ್ಚಿಕೊಂಡಳು, ಆಮೇಲೆ ನಿಜವಾಗಿಯೂ ನಗು ಬಂದುಬಿಟ್ಟಿತು. “ಒಂದ ನೀರು ಕುಡದೀವಿ ನಾವು, ಅಕ್ಕ ತಂಗೀನ ಆದ್ವಿ” ಎಂದರು ಅಕ್ಕಾರು. ಮರುದಿನದಿಂದ ಅವಳು ಪದ್ಯ ಓದಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ವೇಲು ಕೆಳಗೆ ಇಳಿಯಿತು.

ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದು ನನ್ನದೇ ದವಡೆ ಹಲ್ಲಿನ ದೆಸೆಯಿಂದ. ಬಾಯಿಯೊಳಗೆ ಹಾಕುವ ಸಣ್ಣ ಕನ್ನಡಿಯನ್ನು ಮೊದಲು ರೋಗಿಯ ಅಂಗೈಯಲ್ಲಿ ಇಡುತ್ತಿದ್ದರು. ಹಿಡಿದು ನೋಡಲಿ, ಹೆದರಿಕೆ ಹೋಗಲಿ ಎಂದು. ಆಮೇಲೆ ಅದನ್ನು ಬದಿಗಿಟ್ಟು, ತೊಳೆದು ಕುದಿಸಿದ ಬೇರೊಂದನ್ನು ತೆಗೆಯುತ್ತಿದ್ದರು. ಬಾಯಿ ತೆಗೆಯಿರಿ ಎಂದು ಎಂದೂ ಹೇಳಿದವರಲ್ಲ. “ಮುಂಜಾನೆ ಏನ್ ತಿಂದಿರಿ?” ಎಂದು ಕೇಳುತ್ತಿದ್ದರು. ಮಂಡಾಳ ಒಗ್ಗರಣೆ ಎಂದೋ ರೊಟ್ಟಿ ಪುಂಡಿಪಲ್ಲೆ ಎಂದೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚುವುದರೊಳಗೆ ಅವರು ಅರ್ಧ ತಪಾಸಣೆ ಮುಗಿಸಿರುತ್ತಿದ್ದರು.

ನನಗಿಂತ ಮುಂದೆ ಒಬ್ಬ ಅಜ್ಜ ಕುಳಿತಿದ್ದ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂದು ಊರಲ್ಲಿ ಯಾರೋ ಹೇಳಿದ್ದರು. ನೋವು ತಿಂದುಕೊಂಡೇ ತಿಂಗಳುಗಟ್ಟಲೆ ಕಳೆದಿದ್ದ. ಅಕ್ಕಾರು ವಾದ ಮಾಡಲಿಲ್ಲ. ಸೂಜಿ ಹಾಕಿ, ಒಸಡು ಜೋಮು ಹಿಡಿಯುವವರೆಗೆ ಅವನ ಹೊಲದ ಸಮಾಚಾರ ಕೇಳಿ, ಹಲ್ಲು ತೆಗೆದು, ಹತ್ತಿಯುಂಡೆ ಕಚ್ಚಿಸಿ, “ಅಜ್ಜಾ, ನನ್ನ ಸೀರಿ ಯಾವ ಬಣ್ಣ?” ಎಂದರು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅಜ್ಜ, “ಹಚ್ಚಗ” ಎಂದ. “ಕಣ್ಣು ಅದಾವ ಹಂಗಾದ್ರ. ಇವತ್ತೊಂದಿನ ಬಿಸಿದು ತಿನ್ನಬ್ಯಾಡ್ರಿ, ಗಳಗಳ ಬಾಯಿ ಮುಕ್ಕಳಸಬ್ಯಾಡ್ರಿ, ರಕ್ತ ಹೆಪ್ಪುಗಟ್ಟಿದ್ದು ಕಿತ್ತು ಬರತೈತಿ.” ಅಜ್ಜ ಬಾಗಿಲವರೆಗೆ ಹೋದವನು ತಿರುಗಿ, ಅವರ ಸೀರೆಯನ್ನೇ ಇನ್ನೊಮ್ಮೆ ನೋಡಿ ಹೋದ.

ನನ್ನ ಮಗನಿಗೆ ಹಾಲುಹಲ್ಲು ಹುಳುಕಾದಾಗ, ಹೇಗೂ ಬೀಳುವ ಹಲ್ಲು ಎಂದು ನಾನು ಉದಾಸೀನ ಮಾಡಿದ್ದೆ. “ಬೀಳೂದು ಖರೆ. ಆದ್ರ ಮುಂದ ಬರೂ ಹಲ್ಲಿಗೆ ಅದು ಜಾಗಾ ಹಿಡದು ಕುಂತಿರತೈತಿ. ಮೊದಲ ಹೋದ್ರ ಬಾಜೂಕಿನ ಹಲ್ಲು ಸರದು ಬಂದು ಕುಂದರ್ತಾವ, ಹೊಸದು ಎಲ್ಲಿ ಬರಬೇಕು?” ಎಂದು ನನ್ನನ್ನು ಗದರಿ, ಮಗನನ್ನು ಎತ್ತಿಕೊಂಡೇ ಹೋದರು. ಬರುವಾಗ ಅವನಿಗೆ ನೋವು ಹೋಗಿತ್ತು, ಮಲಗುವ ಮುಂಚೆ ಹಲ್ಲುಜ್ಜುವುದಾಗಿ ಅವರಿಗೆ ಮಾತು ಕೊಟ್ಟು ಬಂದಿದ್ದ. ನಾನು ಹೇಳಿದರೆ ಕೇಳದವನು ಆ ಮಾತು ಮಾತ್ರ ಉಳಿಸಿಕೊಂಡ.

ಅವರು ಒಬ್ಬರೇ ಇದ್ದರು. ಮದುವೆಯ ಮಾತು ನಾನು ಎತ್ತಿದವಳಲ್ಲ. ಒಂದು ಮಧ್ಯಾಹ್ನ ಹಪ್ಪಳ ಒಣಗಿಸುತ್ತ ಅವರೇ ಹೇಳಿದರು. “ಓದೂ ಹೊತ್ತಿನ್ಯಾಗ ಒಬ್ಬಾವ ಇದ್ದ ತಂಗಿ. ಅವರ ಮನ್ಯಾಗ ಒಪ್ಪಲಿಲ್ಲ. ಅವ ಭಾಳ ಛಲೋ ನಗತಿದ್ದ.” ಒಂದು ಹಪ್ಪಳವನ್ನು ತಿರುವಿ ಹಾಕಿದರು. “ಈಗ ಹೆಂಗ ಅದಾನೋ. ಹಲ್ಲರ ಅದಾವೋ ಇಲ್ಲೋ.” ನಾನು ನಕ್ಕೆ, ಅವರೂ ನಕ್ಕರು. ಆ ಮಾತನ್ನು ಮತ್ತೆ ಎಂದೂ ಆಡಲಿಲ್ಲ. ಅಂಥ ಮಧ್ಯಾಹ್ನಗಳು ಈಗ ನನ್ನ ಬದುಕಿನಲ್ಲಿಲ್ಲ. ಹಪ್ಪಳ ಅಂಗಡಿಯಲ್ಲೇ ಸಿಗುತ್ತದೆ.

ನನ್ನ ಗಂಡ ಗುಟ್ಕಾ ತಿನ್ನುತ್ತಿದ್ದರು. ಕುಷ್ಟಗಿ–ಗಂಗಾವತಿ ಬಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಟಿಕೆಟ್ ಹರಿಯುವವರಿಗೆ ಅದೊಂದು ಆಧಾರ ಎಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೆ. ಸಂಜೆ ಡ್ಯೂಟಿ ಮುಗಿಸಿ ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಅಕ್ಕಾರೂ ನಾವೂ ಕಟ್ಟೆಯ ಮೇಲೆ ಕುಳಿತು ತಿನ್ನುತ್ತಿದ್ದೆವು. ಒಂದು ಸಂಜೆ ಅಕ್ಕಾರು ತಿನ್ನುವುದನ್ನು ನಿಲ್ಲಿಸಿ ನನ್ನ ಗಂಡನನ್ನೇ ನೋಡುತ್ತಿದ್ದರು. ಇವರು ಮಿರ್ಚಿಯನ್ನು ಚೂರುಚೂರು ಮಾಡಿ, ಮೊಸರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

“ಕಂಡಕ್ಟರ್ ಸಾಹೇಬ್ರ, ಖಾರ ಉರೀತೈತೇನ್ರಿ ಬಾಯಾಗ?”

“ಸ್ವಲ್ಪ ರೀ. ಮೆಣಸಿನಕಾಯಿ ಜೋರದಾವ.”

“ಮೂರು ಬಳ್ಳು ಜೋಡಿಸಿ, ನೆಟ್ಟಗ ಹಿಡದು ಬಾಯಾಗ ಇಟಗೋರಿ ನೋಡೂಣು. ಹಿಂಗ.” ತಾವೇ ಮಾಡಿ ತೋರಿಸಿದರು. ಒಂದರ ಮೇಲೊಂದು ಮೂರು ಬೆರಳು ಅವರ ಹಲ್ಲುಗಳ ನಡುವೆ ಸಲೀಸಾಗಿ ನಿಂತವು.

ಇವರು ನಗುತ್ತಲೇ ಪ್ರಯತ್ನ ಮಾಡಿದರು. ಎರಡು ಹೋದವು. ಮೂರನೆಯದು ಹೋಗಲಿಲ್ಲ. ಒತ್ತಿದರೂ ಹೋಗಲಿಲ್ಲ. ನಗು ನಿಂತಿತು.

“ಮನೀಗೆ ಬಂದ್ರೂ ದವಾಖಾನಿ ಆತಲ್ರಿ ಇದು” ಎಂದು ಎದ್ದು ಒಳಗೆ ಹೋದರು.

ಅಕ್ಕಾರು ನನಗೆ ಬಿಡಿಸಿ ಹೇಳಿದರು. ಗುಟ್ಕಾ ಇಡುವ ಕೆನ್ನೆಯ ಒಳಗಿನ ಚರ್ಮ ಒಣ ತೊಗಲಿನ ಹಾಗೆ ಬಿಗಿಯಾಗುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ಬಿಗಿಯಾದದ್ದು ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಆದರೆ ಇಂದೇ ಬಿಟ್ಟರೆ ಇದ್ದಷ್ಟು ಉಳಿಯುತ್ತದೆ. ಬಿಡದಿದ್ದರೆ ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ನಾನು ಒಳಗೆ ಹೋಗಿ ಇದನ್ನೇ ಹೇಳಿದೆ, ಅಳುತ್ತ ಜಗಳ ಮಾಡಿದೆ. ಇವರು ಕಟ್ಟೆಗೆ ಬರುವುದನ್ನೇ ಬಿಟ್ಟರು. ಅಕ್ಕಾರು ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಅಕ್ಕಾರು ಮಾತ್ರ ಎಂದಿನ ಹಾಗೆ ಸಂಜೆ ಕಟ್ಟೆಯ ಮೇಲೆ ಇವರಿಗೆ ಜಾಗ ಬಿಟ್ಟೇ ಕೂರುತ್ತಿದ್ದರು.

ಸ್ವಲ್ಪ ದಿನಕ್ಕೆ ಇವರು ಒಂದೇ ಬದಿಯಿಂದ ಅಗಿಯತೊಡಗಿದ್ದನ್ನು ನಾನು ಗಮನಿಸಿರಲಿಲ್ಲ. ಅಕ್ಕಾರು ಹಿತ್ತಲಿನ ನಳದ ಹತ್ತಿರ ನಿಂತೇ ಗಮನಿಸಿದ್ದರು. ಒಂದು ಭಾನುವಾರ ಮಧ್ಯಾಹ್ನ, ಇವರು ಊಟಕ್ಕೆ ಕುಳಿತಿದ್ದಾಗ, ನಮ್ಮ ಹೊಸ್ತಿಲ ಮೇಲೆ ಬಂದು ಕುಳಿತರು. ಕೈಯಲ್ಲಿ ಬ್ಯಾಟರಿ ಇತ್ತು.

“ಎಷ್ಟ ದಿನ ಆತ್ರಿ ಆ ಹುಣ್ಣು?”

ಇವರು ತಟ್ಟೆಯ ಕಡೆ ಬಗ್ಗಿ ಅನ್ನ ಕಲಸಿದರು.

“ಎರಡು ವಾರಕ್ಕ ಮಾಯಲಾರದ ಹುಣ್ಣು ಸಾದಾ ಹುಣ್ಣಲ್ಲ, ನೋವು ಇರಲಿ ಬಿಡಲಿ. ನಾ ಇವತ್ತ ನೆರಮನಿಯಾಕಿ ಆಗಿ ಬಂದಿಲ್ಲ. ತೋರಸ್ರಿ.”

“ಬ್ಯಾಡ ಬಿಡ್ರಿ ಮೇಡಂ. ಹೋಗತೈತಿ ಅದು.”

“ನೀವು ತೋರಸೂತನಾ ನಾ ಇಲ್ಲಿಂದ ಏಳಂಗಿಲ್ಲ.”

ಅವರು ಏಳಲಿಲ್ಲ. ಅನ್ನ ತಣ್ಣಗಾಯಿತು. ಹೊರಗೆ ಯಾರೋ ಕರೆದರೂ ಅವರು ತಿರುಗಲಿಲ್ಲ. ಕೊನೆಗೆ ಇವರು ತಟ್ಟೆ ಸರಿಸಿ, ಬೆಳಕಿಗೆ ಮುಖ ಮಾಡಿ, ತೆರೆದಷ್ಟು ಬಾಯಿ ತೆರೆದರು. ಅಕ್ಕಾರು ಕೈ ತೊಳೆದು ಬಂದು, ಬ್ಯಾಟರಿಯ ಬೆಳಕು ಬಿಟ್ಟು, ಕೆನ್ನೆಯನ್ನು ಬೆರಳಿನಿಂದ ಸರಿಸಿ ನೋಡಿದರು. ಕುತ್ತಿಗೆಯ ಎರಡೂ ಕಡೆ ಗಂಟುಗಳಿವೆಯೇ ಎಂದು ಮುಟ್ಟಿ ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಏನೂ ಕಾಣದ ಹಾಗೆ ಮುಖ ಇಟ್ಟುಕೊಂಡಿದ್ದು ನನಗೆ ಕಂಡಿತು.

“ಅದ ಏನ್ರಿ?” ಇವರು ಕೇಳಿದರು.

“ನಂಗೊತ್ತಿಲ್ಲ. ಒಂದು ತುಣುಕು ತಗದು ಪರೀಕ್ಷೆ ಮಾಡಿದ ಮ್ಯಾಲೆ ಗೊತ್ತಾಗೂದು. ನಾಳಿ ಹುಬ್ಬಳ್ಳಿಗೆ ಹೋಗೂಣು. ನಾನೂ ಬರ್ತೀನಿ.”

ಬಸ್ಸಿನಲ್ಲಿ ನನ್ನ ಗಂಡ ಪ್ರಯಾಣಿಕರ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಅಕ್ಕಾರು ನನ್ನ ಕೈ ಹಿಡಿದುಕೊಂಡು ದಾರಿಯುದ್ದಕ್ಕೂ ಅಡುಗೆಯ ಮಾತು ಆಡಿದರು. ಶೇಂಗಾ ಹೋಳಿಗೆಗೆ ಬೆಲ್ಲ ಎಷ್ಟು ಹದಕ್ಕೆ ಬರಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ. ಅದು ಕ್ಯಾನ್ಸರ್ ಎಂದು ವರದಿ ಬಂದಾಗ ಅವರೇ ನಮ್ಮನ್ನು ಎದುರು ಕೂರಿಸಿಕೊಂಡು ಹೇಳಿದರು. “ಐತಿ. ಸಣ್ಣದೈತಿ. ಕುತಿಗಿಗೆ ಇಳದಿಲ್ಲ. ತಗದ್ರ ಹೋಗತೈತಿ.” ಇವರು ಅತ್ತರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕಾರು ಅಳಬೇಡಿ ಎನ್ನಲಿಲ್ಲ, ಪಕ್ಕದಲ್ಲಿ ಕುಳಿತೇ ಇದ್ದರು.

ಶಸ್ತ್ರಚಿಕಿತ್ಸೆ ಆಯಿತು. ಕೆನ್ನೆಯ ಒಳಭಾಗ ಸ್ವಲ್ಪ ಹೋಯಿತು. ಗುಟ್ಕಾ ಬಿಟ್ಟುಹೋಯಿತು, ಅದರ ಬದಲು ಯಾಲಕ್ಕಿ ಬಂತು. ಆದರೆ ಮನೆಗೆ ಬಂದ ಇವರು ಮಾತು ಬಿಟ್ಟರು. ಆಡಿದರೆ ಪದಗಳು ದಪ್ಪವಾಗಿ, ತುಂಡಾಗಿ ಬರುತ್ತಿದ್ದವು, ಮಗ ಒಮ್ಮೆ “ಏನಪಾ?” ಎಂದು ಎರಡು ಸಲ ಕೇಳಿದ ಮೇಲೆ ಕೈಸನ್ನೆಗೇ ಇಳಿದರು. ದವಡೆ ಇನ್ನಷ್ಟು ಬಿಗಿಯಾಗದಿರಲು ದಿನವೂ ಬಾಯಿ ಹಿಗ್ಗಿಸುವ ವ್ಯಾಯಾಮ ಮಾಡಬೇಕಿತ್ತು. ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿದುಕೊಳ್ಳುವುದು, ಸಹಿಸಲು ಬಂದಾಗ ಇನ್ನೊಂದು ಸೇರಿಸುವುದು. ನೋವಾಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಇವರು ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಡುತ್ತಿದ್ದರು, ಕಡ್ಡಿ ಮುಟ್ಟುತ್ತಿರಲಿಲ್ಲ.

ಅಕ್ಕಾರು ಬಂದು ಕೈ ಹಿಡಿದು ಕಟ್ಟೆಗೆ ಕರೆತಂದರು. ಇವರ ಬಾಯಿಗೆ ಎಷ್ಟು ಕಡ್ಡಿಯೋ ಅಷ್ಟನ್ನೇ ತಮ್ಮ ಬಾಯಿಗೂ ಇಟ್ಟುಕೊಂಡು ಎದುರು ಕುಳಿತರು. ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಾಯಿಗೆ ಕಡ್ಡಿ ಇಟ್ಟುಕೊಂಡು, ಗಲ್ಲದ ಮೇಲೆ ಜೊಲ್ಲು ಇಳಿಸಿಕೊಂಡು, ಹೋಗುವವರಿಗೆ ತಲೆಯಾಡಿಸುತ್ತ ಕುಳಿತಿದ್ದರು. ಇವರು ಅವರನ್ನೇ ನೋಡುತ್ತಿದ್ದವರು ಒಮ್ಮೆಲೇ ನಕ್ಕುಬಿಟ್ಟರು. ಕಡ್ಡಿಗಳೆಲ್ಲ ಕೆಳಗೆ ಬಿದ್ದವು. ನಾನು ಬಾಗಿಲಲ್ಲಿ ನಿಂತು ಕೇಳಿದ ಆ ನಗುವಿಗೆ ಏನು ಬರೆದರೂ ಕಡಿಮೆಯೇ.

ಇವರು ಮತ್ತೆ ಡಿಪೋಗೆ ಹೋದರು, ಬಸ್ಸಿಗಲ್ಲ, ಕಚೇರಿ ಕೆಲಸಕ್ಕೆ. ಮುಂದೆ ನನಗೆ ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ವರ್ಗವಾಯಿತು, ಇವರಿಗೂ ಗಂಗಾವತಿ ಡಿಪೋ ಸಿಕ್ಕಿತು. ಅಕ್ಕಾರು ನಿವೃತ್ತರಾಗಿ ಕನಕಗಿರಿಗೆ ಹೋದರು. ಆಗಾಗ ಭಾನುವಾರ ಬೆಳಗಿನ ಬಸ್ಸಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಸುತ್ತಲೂ ಭತ್ತದ ಗದ್ದೆ, ಕಾಲುವೆಯ ನೀರು. “ಇಷ್ಟ ಹಸರು ನೋಡಿ ನೋಡಿ ಕಣ್ಣಿಗೆ ನಮ್ಮ ಕಡೀ ಕೆಂಪ ಮಣ್ಣು ಬೇಕನಸ್ತೈತಿ ತಂಗಿ” ಎನ್ನುತ್ತಿದ್ದರು. ನನಗೆ ಬೇಕೆನಿಸುತ್ತಿದ್ದುದು ಆ ಕಟ್ಟೆ. ಮರಳಿಯ ಮನೆ ದೊಡ್ಡದು, ಒಳ್ಳೆಯದು. ಅದರ ಗೋಡೆಯ ಆಚೆ ಯಾರೂ ಇಲ್ಲ.

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಮೈಯ ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ನಾವಿಬ್ಬರೂ ನೋಡಲು ಹೋದಾಗ ಅವರ ತಂಗಿ ದಣಿದು ಹೋಗಿದ್ದರು. “ಎಲ್ಲಾ ಮಾಡಸ್ಕೋತಾಳ್ರಿ. ಬಾಯಿ ಸ್ವಚ್ಛ ಮಾಡಾಕ ಹೋದ್ರ ಮಾತ್ರ ಹಲ್ಲು ಕಚಗೊಂಡು ಕುಂದರ್ತಾಳ. ಎರಡು ದಿನಾತು.”

ನಾನು ಮೆತ್ತನೆಯ ಬ್ರಷ್ ತೆಗೆದುಕೊಂಡು, ಕಡಲೆಕಾಳಿನಷ್ಟು ಪೇಸ್ಟ್ ಹಚ್ಚಿ, ಅವರನ್ನು ದಿಂಬಿಗೆ ಒರಗಿಸಿ ಕುಳಿತೆ. ನನ್ನ ಮುಖ ನೋಡಿದರು. ಬಾಯಿ ತೆರೆದರು. ನಾನು ತಿಕ್ಕಲು ಶುರು ಮಾಡಿದೊಡನೆ ಎಡಗೈ ಎತ್ತಿ ನನ್ನ ಮಣಿಕಟ್ಟು ಹಿಡಿದರು. ಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ಬೇಡ ಅಲ್ಲ. ನನ್ನ ಕೈಯನ್ನು ಸ್ವಲ್ಪ ಓರೆ ಮಾಡಿ, ಬ್ರಷ್ಷಿನ ಕೂದಲನ್ನು ಹಲ್ಲು ಒಸಡು ಕೂಡುವ ಕಡೆಗೆ ತಿರುಗಿಸಿ, ಮೆಲ್ಲಗೆ, ಇನ್ನೂ ಮೆಲ್ಲಗೆ ಆಡಿಸಿದರು. ಹಾಗೆ ಇಬ್ಬರ ಕೈಯೂ ಸೇರಿ ಒಂದೊಂದೇ ಹಲ್ಲು ಮುಗಿಸಿದೆವು. ಬಿದ್ದ ಕಡೆಯ ಕೆನ್ನೆಯಲ್ಲಿ ಅವರಿಗೆ ಗೊತ್ತಾಗದೆ ಅನ್ನ ಉಳಿದಿತ್ತು. ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆದೆ. ಅಷ್ಟು ಹತ್ತಿರದಿಂದ ಅವರ ಹಲ್ಲುಗಳನ್ನು ನೋಡಿದ್ದು ಅದೇ ಮೊದಲು. ಒಂದೂ ಅಲುಗಾಡಿರಲಿಲ್ಲ.

ಬಾಯಿ ಒರೆಸಿದ ಮೇಲೆ ಅವರು ಏನೋ ಹೇಳಿದರು. ಉದ್ದನೆಯ ಒಂದು ಸ್ವರ, ಕೊನೆಯಲ್ಲಿ ಗಂಟಲು ಕಟ್ಟಿದಂತೆ ಇನ್ನೊಂದು. ನನಗೆ ತಿಳಿಯಲಿಲ್ಲ. ತಂಗಿ ಬಗ್ಗಿ, “ನೀರು ಬೇಕೇನ? ಹೊರಳಸ್ಲೇನ?” ಎಂದು ಕೇಳಿದರು. ಅಕ್ಕಾರು ಕಣ್ಣು ಮುಚ್ಚಿಕೊಂಡರು. ಮತ್ತೆ ಅದನ್ನೇ ಹೇಳಿದರು. “ಹಿಂಗ ಅಂತಾಳ್ರಿ ದಿನಾ. ನಮಗ ಒಂದೂ ಗೊತ್ತಾಗಂಗಿಲ್ಲ” ಎಂದು ತಂಗಿ ಹೊದಿಕೆ ಸರಿಮಾಡಿದರು.

ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ತಮ್ಮ ದಪ್ಪ ಮಾತಿನಲ್ಲಿ ಹೇಳಿದರು: “ಉಂಡು ಹೋಗ್ರಿ ಅನ್ನಾಕತ್ತಾರ.”

ಅಕ್ಕಾರು ಕಣ್ಣು ತೆರೆದು ಅವರ ಕಡೆ ನೋಡಿದರು. ಎಡಗೈ ಹಾಸಿಗೆಯಿಂದ ಸ್ವಲ್ಪ ಮೇಲೆದ್ದಿತು.

ತಂಗಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಇವರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕುಳಿತರು. ಡಿಪೋದ ಸುದ್ದಿ ಹೇಳಿದರು, ಹೊಸ ಬಸ್ಸು ಬಂದದ್ದು, ಹಳೆಯ ಡ್ರೈವರ್ ಮಗಳ ಮದುವೆ. ಅಕ್ಕಾರು ನಡುನಡುವೆ ಸ್ವರ ತೆಗೆಯುತ್ತಿದ್ದರು, ಇವರು ಹೌದ್ರಿ, ಇಲ್ರಿ, ಅವತ್ತ ಅಲ್ರಿ ಅಕ್ಕಾರ, ಆಮ್ಯಾಲೆ, ಎಂದು ಉತ್ತರ ಕೊಡುತ್ತಿದ್ದರು. ಕನ್ನಡ ಕಲಿಸುವ ನನಗೆ ಅದರಲ್ಲಿ ಅರ್ಧವೂ ತಿಳಿಯಲಿಲ್ಲ. ಹೊರಗೆ ಗಂಗಾವತಿಯ ಬಸ್ಸು ಹಾರ್ನ್ ಹೊಡೆಯಿತು. ಅದು ಕೊನೆಯ ಬಸ್ಸು ಎಂದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಏಳಲಿಲ್ಲ.